ಘಟಕ ಬಂದರೂ ಪುಣೆಯ ನೀರು ಹಸಿರಾಗೇ ಉಳಿಯುವುದು ಯಾಕೆ?

ಪುಣೆಯಲ್ಲಿ ಬಿಸಿಲು ಏರುತ್ತಿದ್ದಂತೆ ನೀರಿನ ಸುದ್ದಿಗಳು ಸಾಲುಗಟ್ಟುತ್ತವೆ. ಪಾಷಾಣ ಕೆರೆಯನ್ನು ಜಲಪರ್ಣಿ ಎಂಬ ತೇಲುವ ಕಳೆ ಗಿಡ ಮುಚ್ಚಿದೆ. ಆಳಂದಿಯ ಹತ್ತಿರ ಇಂದ್ರಾಯಣಿಯಲ್ಲಿ ಬಿಳಿ ನೊರೆ ತೇಲುತ್ತಿದೆ. ನದಿಯಲ್ಲಿ ಮೀನು ಸತ್ತು ಮೇಲೆ ಬಂದಿವೆ. ಇದರ ಜೊತೆಗೇ ಬೇರೆ ಥರದ ಸುದ್ದಿಯೂ ಇರುತ್ತದೆ. ಕೊಳಚೆ ನೀರಿನ ಹೊಸ ಶುದ್ಧೀಕರಣ ಘಟಕಗಳು ಬರುತ್ತಿವೆ, ನದಿ ದಂಡೆ ಅಭಿವೃದ್ಧಿ ನಡೆಯುತ್ತಿದೆ, ಕೋಟಿಗಟ್ಟಲೆ ಹಣ ಮಂಜೂರಾಗಿದೆ.

ಓದುವವರಿಗೆ ಗೊಂದಲ ಆಗುವುದು ಸಹಜ. ಇಷ್ಟು ಖರ್ಚು ಮಾಡಿದರೂ ನೀರು ಯಾಕೆ ತಿಳಿಯಾಗುತ್ತಿಲ್ಲ? ಪಾಲಿಕೆ ಹೇಳುವುದು ಸುಳ್ಳಾ, ಹೋರಾಟಗಾರರು ಹೇಳುವುದು ಅತಿಯಾಯಿತಾ?

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರು ಬಹಳ ಜನ ಇದ್ದಾರೆ. ಇಲ್ಲಿಯ ಮುಳಾ-ಮುಠಾ ಮುಂದೆ ಸೇರುವುದು ಭೀಮಾ ನದಿಯನ್ನು. ಆ ಭೀಮೆಯೇ ಅವರ ಊರಿನ ಹೊಳೆ.

ಎರಡೂ ಮಾತು ನಿಜ ಇರಬಹುದು

ಮೊದಲು ಪಾಲಿಕೆಯ ವಾದ ನೋಡೋಣ. ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಸುಮಾರು 990 ಕೋಟಿ ರೂಪಾಯಿಯ ಯೋಜನೆಗೆ 2016ರಲ್ಲಿ ಚಾಲನೆ ಸಿಕ್ಕಿತು. ಅದರಲ್ಲಿ 11 ಶುದ್ಧೀಕರಣ ಘಟಕಗಳಿವೆ. ಎಲ್ಲವೂ ಪೂರ್ತಿ ನಡೆದರೆ ದಿನಕ್ಕೆ 39.6 ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧ ಮಾಡಬಹುದು. ಇದು ಬೇಕೇ ಬೇಕಾದ ಕೆಲಸ. ಇದಿಲ್ಲದೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ.

ಇನ್ನೊಂದು ಕಡೆ ನಾಗರಿಕ ಗುಂಪುಗಳ ವಾದ. ಘಟಕ ಕಟ್ಟಿದ ಮಾತ್ರಕ್ಕೆ ನದಿ ಬದುಕುವುದಿಲ್ಲ, ನದಿಯೊಳಗೆ ಏನು ನಡೆಯುತ್ತಿದೆ ಎಂದು ನೋಡಿ ಎನ್ನುತ್ತಾರೆ ಅವರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತ್ತು. ಅದರಲ್ಲಿ ಮಹಾರಾಷ್ಟ್ರದ್ದೇ 53. 2022ರ ವರದಿಯಲ್ಲಿ ದೇಶದ ಲೆಕ್ಕ 311ಕ್ಕೆ ಇಳಿಯಿತು, ಮಹಾರಾಷ್ಟ್ರದ ಲೆಕ್ಕ 55ಕ್ಕೆ ಏರಿತು.

ಘಟಕದ ಕೊಳವೆಯಿಂದ ಹೊರಬರುವ ನೀರು ಒಂದು ವಿಷಯ. ಆ ನೀರು ಸೇರುವ ಕೆರೆ ಅಥವಾ ನದಿ ಇನ್ನೊಂದು ವಿಷಯ. ಮೊದಲನೆಯದನ್ನು ಎಂಜಿನಿಯರುಗಳು ಅಳೆಯುತ್ತಾರೆ. ಎರಡನೆಯದನ್ನು ಅರ್ಥ ಮಾಡಿಕೊಳ್ಳಲು ಬೇರೆಯದೇ ಒಂದು ಶಾಸ್ತ್ರ ಇದೆ. ಅದರ ಹೆಸರು ಲಿಮ್ನಾಲಜಿ. ಕನ್ನಡದಲ್ಲಿ ಸಿಹಿನೀರಿನ ವಿಜ್ಞಾನ ಎನ್ನಬಹುದು. ಸ್ವಿಟ್ಜರ್ಲೆಂಡಿನ ಫೊರೆಲ್ ಎಂಬ ವಿಜ್ಞಾನಿ 19ನೇ ಶತಮಾನದ ಕೊನೆಯಲ್ಲಿ ಜಿನೀವಾ ಸರೋವರವನ್ನು ವರ್ಷಗಟ್ಟಲೆ ಅಳೆದು ಇದಕ್ಕೆ ಅಡಿಪಾಯ ಹಾಕಿದ. ನೀರು, ಬೆಳಕು, ಗಾಳಿ, ಕೆಸರು, ಪಾಚಿ, ಮೀನು ಎಲ್ಲವನ್ನೂ ಒಂದೇ ಸಂಸಾರದಂತೆ ನೋಡಬೇಕು ಎಂಬುದು ಇದರ ಮೂಲ ವಿಚಾರ. ಪುಣೆಯ ಗೊಂದಲ ಬಿಡಿಸಲು ಬೇಕಾಗಿರುವುದು ಈ ನೋಟ.

ಮುಂಜಾನೆ ನಾಲ್ಕು ಗಂಟೆಯ ನೀರು

ಮೀನು ಸಾಯುವುದರಿಂದ ಶುರು ಮಾಡೋಣ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಮೀನು ಉಸಿರಾಡುವುದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಬಹುದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಪುಣೆ ಸಮುದ್ರ ಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅಂದರೆ ಬೇಸಿಗೆಯಲ್ಲಿ ಮೀನಿನ ಪಾಲಿಗೆ ಗಾಳಿ ಮೊದಲೇ ತೆಳ್ಳಗಾಗಿರುತ್ತದೆ.

ಈಗ ಪಾಚಿ ತುಂಬಿದ ಒಂದು ಕೆರೆ ತಗೊಳ್ಳಿ. ಹಗಲು ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಮೇಲಿನ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷಿಸಿದರೆ ಫಲಿತಾಂಶ ಚೆನ್ನಾಗೇ ಬರುತ್ತದೆ. ಮಂಡಳಿಯ ಲೆಕ್ಕದಲ್ಲಿ ಸ್ನಾನಕ್ಕೆ ಯೋಗ್ಯವಾದ ನೀರಿಗೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಹಸಿರು ಕೆರೆ ಮಧ್ಯಾಹ್ನ ಆ ಗೆರೆಯನ್ನು ಸುಲಭವಾಗಿ ದಾಟಬಲ್ಲದು.

ರಾತ್ರಿ ಕಥೆ ಬೇರೆ. ಬೆಳಕು ಇಲ್ಲದಾಗ ಪಾಚಿ ಆಮ್ಲಜನಕ ಮಾಡುವುದು ನಿಲ್ಲುತ್ತದೆ, ಆದರೆ ಉಸಿರಾಡುವುದು ನಿಲ್ಲುವುದಿಲ್ಲ. ಕೆಸರಿನಲ್ಲಿ ಕೊಳೆಯುತ್ತಿರುವ ಎಲೆ, ಸತ್ತ ಪಾಚಿ, ಕೊಳಚೆ ಇವೆಲ್ಲವನ್ನೂ ತಿನ್ನುವ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಎಳೆದುಕೊಳ್ಳುತ್ತಲೇ ಇರುತ್ತವೆ. ನಸುಕಿನ ಹೊತ್ತಿಗೆ ಆಮ್ಲಜನಕ ತಳ ಕಾಣುತ್ತದೆ. ಮೀನು ಮೇಲೆ ಬಂದು ಬಾಯಿ ಕಳೆಯುವುದು ಆಗಲೇ. ಎರಡು ದಿನ ಮೋಡ ಮುಚ್ಚಿದರೆ ಹಗಲಿನ ಗಳಿಕೆಯೂ ಇಲ್ಲ. ಅದರ ಮೇಲೆ ಮೊದಲ ಮಳೆ ಬಂದು ನಾಲೆಗಳ ಹಳೇ ಕೊಳಚೆಯನ್ನೆಲ್ಲ ಒಟ್ಟಿಗೆ ತಳ್ಳಿ, ಕೆಸರನ್ನು ಕಲಕಿದರೆ ಒಂದೇ ರಾತ್ರಿಯಲ್ಲಿ ರಾಶಿ ಮೀನು ಸಾಯುತ್ತವೆ. ಯಾರೋ ವಿಷ ಹಾಕಿದರು ಎಂಬ ಅನುಮಾನ ಬರುತ್ತದೆ. ಕೆಲವೊಮ್ಮೆ ಅದೂ ನಿಜ ಇರಬಹುದು. ಆದರೆ ವಿಷವೇ ಇಲ್ಲದೆಯೂ ಹೀಗಾಗುತ್ತದೆ.

ಅಂದರೆ "ಆಮ್ಲಜನಕ 6 ಇದೆ" ಎಂಬ ವರದಿಯೂ ಸುಳ್ಳಲ್ಲ, "ಮೀನು ಉಸಿರುಕಟ್ಟಿ ಸತ್ತವು" ಎಂಬ ಸುದ್ದಿಯೂ ಸುಳ್ಳಲ್ಲ. ಒಂದು ಮಧ್ಯಾಹ್ನದ್ದು, ಇನ್ನೊಂದು ಮುಂಜಾನೆಯದು. ತಿಂಗಳಿಗೊಮ್ಮೆ ಹಗಲಿನಲ್ಲಿ ತುಂಬಿದ ಬಾಟಲಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಉದ್ದು ಎಷ್ಟೋ ಇಡ್ಲಿ ಅಷ್ಟೇ

ಪಾಚಿ ಯಾಕೆ ಇಷ್ಟೊಂದು ಬೆಳೆಯುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಕೆನಡಾದ ಒಂದು ಪುಟ್ಟ ಸರೋವರದಲ್ಲಿ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಯವರು 226ನೇ ನಂಬರಿನ ಆ ಸರೋವರದ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರಾಯಿತು. ಪಕ್ಕದ ಭಾಗ ತಿಳಿಯಾಗೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರ ನೋಡಿದ ಮೇಲೆ ವಾದಕ್ಕೆ ಜಾಸ್ತಿ ಜಾಗ ಉಳಿಯಲಿಲ್ಲ.

ಇಡ್ಲಿ ಹಿಟ್ಟಿನ ಲೆಕ್ಕ ನೆನೆಸಿಕೊಳ್ಳಿ. ಅಕ್ಕಿ ಮೂಟೆಗಟ್ಟಲೆ ಇದ್ದರೂ ಉದ್ದು ಒಂದೇ ಸೇರು ಇದ್ದರೆ ಇಡ್ಲಿ ಅಷ್ಟಕ್ಕೇ ಸೀಮಿತ. ಸಿಹಿನೀರಿನ ಬಹಳಷ್ಟು ಕೆರೆಗಳಲ್ಲಿ ಉದ್ದಿನ ಜಾಗದಲ್ಲಿರುವುದು ರಂಜಕ. ಅದು ಸ್ವಲ್ಪ ಬಂದರೂ ಸಾಕು, ಪಾಚಿ ಹಲವು ಪಟ್ಟು ಬೆಳೆಯುತ್ತದೆ. ರಂಜಕ ಬರುವುದು ಮುಖ್ಯವಾಗಿ ಮಲಮೂತ್ರದಿಂದ, ಕೆಲವು ಸಾಬೂನು ಪುಡಿಗಳಿಂದ, ಹೊಲದ ಗೊಬ್ಬರದಿಂದ. ನೊರೆಗೆ ಕಾರಣ ಕೂಡ ಬಹುಪಾಲು ಸಾಬೂನು ಪುಡಿಯೇ. ಅದರ ರಾಸಾಯನಿಕ ಕೊಳೆಯದೆ ಉಳಿದು, ನೀರು ಬಂಧಾರದ ಮೇಲಿಂದ ಧುಮುಕುವಲ್ಲಿ ನೊರೆ ಏಳುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಘಟಕದ ಪ್ರಶ್ನೆ ಬರುವುದು ಇಲ್ಲೇ. ಘಟಕದ ಕೆಲಸವನ್ನು ಸಾಮಾನ್ಯವಾಗಿ ಅಳೆಯುವುದು ಬಿಒಡಿ ಎಂಬ ಸಂಖ್ಯೆಯಿಂದ. ನೀರಿನಲ್ಲಿರುವ ಕೊಳೆಯುವ ವಸ್ತು ಎಷ್ಟು ಆಮ್ಲಜನಕ ತಿನ್ನುತ್ತದೆ ಎಂಬ ಲೆಕ್ಕ ಅದು. ನಮ್ಮ ದೇಶದಲ್ಲಿ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಇದನ್ನು ನೋಡುತ್ತಾರೆ. ಬಿಒಡಿ ಚೆನ್ನಾಗಿ ಇಳಿಸಿದ ಘಟಕವೂ ರಂಜಕದ ದೊಡ್ಡ ಪಾಲನ್ನು ಹಾಗೇ ಹೊರಗೆ ಬಿಡಬಹುದು. ಅದನ್ನು ತೆಗೆಯಲು ಬೇರೆ ಹಂತ ಬೇಕು, ಬೇರೆ ಖರ್ಚು ಬೇಕು. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾನದಂಡದಲ್ಲಿ ರಂಜಕಕ್ಕೆ ಮಿತಿಯೇ ಇರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಯಮ ಬಿಗಿ ಮಾಡಿ, ಕೆರೆಕುಂಟೆ ಸೇರುವ ನೀರಿಗೆ ರಂಜಕದ ಮಿತಿಯನ್ನೂ ಸೇರಿಸಿತು. ಹೊಸ ಘಟಕದ ಬಗ್ಗೆ ಕೇಳುವಾಗ ಸಾಮರ್ಥ್ಯ ಎಷ್ಟು ಎಂದು ಮಾತ್ರ ಕೇಳಿದರೆ ಸಾಲದು. ರಂಜಕ ಎಷ್ಟು ಇಳಿಸುತ್ತದೆ ಎಂಬುದೂ ಅಷ್ಟೇ ಮುಖ್ಯ.

ಜಲಪರ್ಣಿ ಹಿಂದಿನ ಕಾರಣವೂ ಇದೇ. ನಮ್ಮ ಕಡೆ ಕೆಲವರು ಇದನ್ನೂ ಅಂತರಗಂಗೆ ಅಂತಲೇ ಕರೆಯುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ಗೊಬ್ಬರದಂಥ ನೀರು ಸಿಕ್ಕರೆ ಒಂದೆರಡು ವಾರದಲ್ಲೇ ಎರಡು ಪಟ್ಟಾಗಬಲ್ಲದು. ಯಂತ್ರ ಹಾಕಿ ಎತ್ತುವುದು ತಪ್ಪಲ್ಲ. ಗಿಡದ ಜೊತೆ ಅದು ಹೀರಿಕೊಂಡ ರಂಜಕವೂ ಹೊರಗೆ ಬರುತ್ತದೆ. ಆದರೆ ಎತ್ತಿದ್ದನ್ನು ದಂಡೆಯ ಮೇಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಎಲ್ಲವೂ ಕೊಳೆತು ವಾಪಸ್ ನೀರಿಗೇ ಹೋಗುತ್ತದೆ. ಔಷಧಿ ಹೊಡೆದು ಸಾಯಿಸಿದರೆ ಇನ್ನೂ ಕಷ್ಟ. ಗಿಡ ಮುಳುಗಿ, ಕೊಳೆತು, ಇದ್ದ ಆಮ್ಲಜನಕವನ್ನೂ ತಿಂದುಬಿಡುತ್ತದೆ.

ಕೆಸರು ಎಲ್ಲವನ್ನೂ ಇಟ್ಟುಕೊಂಡಿರುತ್ತದೆ

ನಾಳೆಯೇ ಪಾಷಾಣ ಕೆರೆಗೆ ರಾಮನದಿಯ ಮೂಲಕ ಬರುವ ಕೊಳಚೆಯೆಲ್ಲ ನಿಂತಿತು ಎಂದುಕೊಳ್ಳೋಣ. ಕೆರೆ ಮುಂದಿನ ವರ್ಷ ತಿಳಿಯಾಗುತ್ತದಾ? ಬಹುಶಃ ಇಲ್ಲ. ಸಾರ್ವಜನಿಕ ಚರ್ಚೆಯಲ್ಲಿ ಅತಿ ಕಡಿಮೆ ಮಾತಾಡುವ ವಿಷಯ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ದಶಕಗಳ ಕಾಲ ಬಂದ ರಂಜಕ ನೀರಿನಲ್ಲೇ ತೇಲುತ್ತಿರುವುದಿಲ್ಲ. ಅದರ ದೊಡ್ಡ ಭಾಗ ತಳದ ಕೆಸರಿಗೆ ಇಳಿದಿರುತ್ತದೆ. ಅಲ್ಲಿ ಕಬ್ಬಿಣದ ಕಣಗಳಿಗೆ ಅಂಟಿಕೊಂಡು ಕೂರುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಇರುವವರೆಗೂ ಈ ಅಂಟು ಗಟ್ಟಿ. ಆಮ್ಲಜನಕ ಮುಗಿದರೆ ಕಬ್ಬಿಣದ ರೂಪ ಬದಲಾಗಿ ಅದು ನೀರಿನಲ್ಲಿ ಕರಗುತ್ತದೆ, ಹಿಡಿದುಕೊಂಡಿದ್ದ ರಂಜಕವನ್ನು ಬಿಟ್ಟುಬಿಡುತ್ತದೆ. ಆ ರಂಜಕ ಮೇಲೆ ಬಂದು ಮತ್ತೆ ಪಾಚಿ ಬೆಳೆಸುತ್ತದೆ. ಆ ಪಾಚಿ ಸತ್ತು ಕೆಳಗಿಳಿದು ಮತ್ತೆ ಆಮ್ಲಜನಕ ತಿನ್ನುತ್ತದೆ. ಹೊರಗಿನಿಂದ ಒಂದು ಹನಿ ಕೊಳಚೆ ಬಾರದಿದ್ದರೂ ಈ ಚಕ್ರ ವರ್ಷಗಟ್ಟಲೆ ಸುತ್ತುತ್ತದೆ.

ಹೊರದೇಶದ ಎರಡು ಕೆರೆಗಳ ಅನುಭವ ಪಕ್ಕಪಕ್ಕ ಇಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರಕ್ಕೆ ಬರುತ್ತಿದ್ದ ಕೊಳಚೆಯನ್ನು 1963ರಿಂದ 1968ರ ನಡುವೆ ಬೇರೆಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಆ ಸರೋವರ 60 ಮೀಟರಿಗೂ ಜಾಸ್ತಿ ಆಳ. ತಳದ ಕೆಸರಿಗೂ ಮೇಲಿನ ಬೆಳಕಿಗೂ ಬಹಳ ದೂರ. ಸ್ವೀಡನ್ನಿನ ಟ್ರುಮ್ಮನ್ ಎಂಬ ಆಳವಿಲ್ಲದ ಕೆರೆಗೂ 1950ರ ದಶಕದ ಕೊನೆಯಲ್ಲಿ ಕೊಳಚೆ ನಿಲ್ಲಿಸಿದರು. ಹತ್ತು ವರ್ಷ ಕಳೆದರೂ ಕೆರೆ ಸುಧಾರಿಸಲಿಲ್ಲ. ಕೊನೆಗೆ 1970 ಮತ್ತು 1971ರಲ್ಲಿ ತಳದ ಸುಮಾರು ಒಂದು ಮೀಟರ್ ಕೆಸರನ್ನು ಹೀರಿ ತೆಗೆದ ಮೇಲೆ ನೀರು ಚೇತರಿಸಿಕೊಂಡಿತು.

ಪಾಷಾಣ, ಕಾತ್ರಜ್‌ನಂಥ ಪುಣೆಯ ಕೆರೆಗಳು ಎರಡನೇ ಗುಂಪಿಗೆ ಹತ್ತಿರ. ಆಳ ಕಡಿಮೆ, ಬಿಸಿಲು ಜಾಸ್ತಿ, ಗಾಳಿ ಬೀಸಿದರೆ ತಳವೇ ಕಲಕುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಪರಿಹಾರ ಮೊದಲೇ ಇತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಗೋಡು ಮಣ್ಣು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಬೆಳೆಗೆ ಸಾರ ಸಿಗುತ್ತಿತ್ತು, ಕೆರೆಯ ರಂಜಕವೂ ಹೊರಗೆ ಹೋಗುತ್ತಿತ್ತು. ಹೆಸರು ಗೊತ್ತಿಲ್ಲದೆ ಅವರು ಮಾಡಿದ್ದು ಅಪ್ಪಟ ಲಿಮ್ನಾಲಜಿಯ ಕೆಲಸ. ಆದರೆ ಊರಿನ ಈ ಪದ್ಧತಿಯನ್ನು ನಗರದ ಕೆರೆಗೆ ಹಾಗೇ ತರುವಂತಿಲ್ಲ. ನಗರದ ಕೆಸರಿನಲ್ಲಿ ಸೀಸ, ಕ್ರೋಮಿಯಂನಂಥ ಲೋಹಗಳಿರಬಹುದು. ಪರೀಕ್ಷೆ ಮಾಡದೆ ಹೊಲಕ್ಕೆ ಹಾಕಬಾರದು. ಹೂಳು ತೆಗೆಯುವ ಟೆಂಡರಿಗೂ ಮುಂಚೆ ಕೆಸರಿನ ಪರೀಕ್ಷೆ ಆಗಬೇಕು.

ಹರಿಯುವ ನೀರನ್ನು ನಿಲ್ಲಿಸಿದರೆ

2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ನದಿ ದಂಡೆ ಅಭಿವೃದ್ಧಿ ಯೋಜನೆ ಸುಮಾರು 44 ಕಿಲೋಮೀಟರ್ ಉದ್ದದ್ದು. ದಂಡೆಗೆ ಜನ ಬರುತ್ತಾರೆ, ಕಸ ಹಾಕುವುದು ನಿಲ್ಲುತ್ತದೆ, ಪ್ರವಾಹದ ಮಟ್ಟ ಹತೋಟಿಗೆ ಬರುತ್ತದೆ ಎಂಬುದು ಪರವಾಗಿರುವವರ ಮಾತು. ಜನ ನದಿಯ ಹತ್ತಿರ ಹೋಗುವುದು ನಿಜಕ್ಕೂ ಒಳ್ಳೆಯದೇ. ದಂಡೆ ಕಟ್ಟಿದರೆ ನದಿ ಕಿರಿದಾಗುತ್ತದೆ, ಮರಗಳು ಹೋಗುತ್ತವೆ ಎಂಬುದು ವಿರೋಧಿಗಳ ಆತಂಕ. 2024ರ ಜುಲೈಯಲ್ಲಿ ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಆ ಆತಂಕ ಸುಮ್ನೆ ಹುಟ್ಟಿದ್ದು ಅನ್ನಿಸುವುದಿಲ್ಲ.

ನೀರಿನ ಗುಣದ ದೃಷ್ಟಿಯಿಂದ ಇನ್ನೊಂದು ಪ್ರಶ್ನೆ ಇದೆ. ಯೋಜನೆಯಲ್ಲಿ ವರ್ಷವಿಡೀ ನೀರು ತುಂಬಿ ಕಾಣುವಂತೆ ಬ್ಯಾರೇಜ್ ಕಟ್ಟುವ ಪ್ರಸ್ತಾಪವೂ ಇತ್ತು. ನೀರು ಹರಿಯುತ್ತಿದ್ದರೆ ಪಾಚಿ ಬೆಳೆಯುವ ಮುಂಚೆಯೇ ಕೊಚ್ಚಿಹೋಗುತ್ತದೆ. ಕಲ್ಲುಗಳ ಮೇಲೆ ಉರುಳುವಾಗ ಗಾಳಿಯೂ ಬೆರೆಯುತ್ತದೆ. ಅದೇ ನೀರನ್ನು ನಿಲ್ಲಿಸಿದರೆ ನದಿ ಕೆರೆಯಾಗುತ್ತದೆ. ಕೆರೆಯ ಎಲ್ಲ ತೊಂದರೆಗಳೂ ಅಲ್ಲಿಗೆ ಬರುತ್ತವೆ. ಬೇಸಿಗೆಯಲ್ಲಿ ನಗರದ ಕೆಳಭಾಗದ ಮುಠಾದಲ್ಲಿ ಹರಿಯುವುದು ಬಹುಪಾಲು ಮನೆಗಳಿಂದ ಬಂದ ನೀರೇ. ಮೇಲಿನ ಶುದ್ಧ ನೀರು ಖಡಕವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೆಮಘರ್ ಅಣೆಕಟ್ಟುಗಳಲ್ಲಿ ನಿಂತಿರುತ್ತದೆ. ರಂಜಕ ತುಂಬಿದ ನೀರನ್ನು ಬಿಸಿಲಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಕಟ್ಟಿದ ಮೇಲೆ ನೋಡೋಣ ಎನ್ನುವ ವಿಷಯ ಇದಲ್ಲ.

ಹುಳುಗಳ ಸಾಕ್ಷಿ

ಬಾಟಲಿಯ ನೀರು ಆ ಗಳಿಗೆಯ ಮಾತು ಹೇಳುತ್ತದೆ. ಕಲ್ಲಿನ ಕೆಳಗೆ ತಿಂಗಳುಗಟ್ಟಲೆ ಬದುಕುವ ಹುಳು ಪೂರ್ತಿ ತಿಂಗಳಿನ ಮಾತು ಹೇಳುತ್ತದೆ. ಮೇಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಗಳು ಕೆಟ್ಟ ನೀರಲ್ಲಿ ಉಳಿಯುವುದಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗಳಲ್ಲಿ ಹಲವು ಸ್ವಲ್ಪ ತಡೆದುಕೊಳ್ಳುತ್ತವೆ. ಕೆಂಪು ರಕ್ತಹುಳುಗಳು ಮಾತ್ರ ಉಳಿದಿದ್ದರೆ ಅಲ್ಲಿ ಆಮ್ಲಜನಕ ಹೋಗಿ ಬಹಳ ದಿನ ಆಗಿದೆ ಎಂದೇ ಅರ್ಥ. ಯುರೋಪಿನ ಒಕ್ಕೂಟ 2000ದಲ್ಲಿ ತಂದ ನೀರಿನ ಕಾನೂನು ಪಾಚಿ, ಗಿಡ, ಹುಳು, ಮೀನುಗಳನ್ನು ನೋಡಿಯೇ ನದಿಯ ಆರೋಗ್ಯ ಹೇಳಬೇಕು ಎನ್ನುತ್ತದೆ. ನಮ್ಮ ಕೇಂದ್ರ ಮಂಡಳಿಯೂ ಹುಳುಗಳನ್ನು ಆಧರಿಸಿದ ಪದ್ಧತಿಯನ್ನು ರೂಪಿಸಿದೆ. ಆದರೆ ಸುದ್ದಿಗೆ ಬರುವುದು ಬಿಒಡಿ ಒಂದೇ.

ಪುಣೆಗೆ ಈ ವಿಷಯದಲ್ಲಿ ಅಪರೂಪದ ಒಂದು ಆಸ್ತಿ ಇದೆ. ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1830ರ ದಶಕದ ಕೊನೆಯಲ್ಲಿ ದಖ್ಖನಿನ ಮೀನುಗಳನ್ನು ವಿವರಿಸಿದ. ದಖ್ಖನಿ ಮಹಶೀರ್ ಎಂಬ ಮೀನಿಗೆ ವೈಜ್ಞಾನಿಕ ಹೆಸರು ಬಂದದ್ದು ಪುಣೆಯ ಮುಳಾ-ಮುಠಾದಲ್ಲಿ ಸಿಕ್ಕಿದ ಮೀನಿನಿಂದಲೇ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ಮಂಡಕ್ಕಿಗೆ ಮುಗಿಬೀಳುವ ದೊಡ್ಡ ಮೀನುಗಳೂ ಮಹಶೀರ್ ಕುಲದವೇ. ಸುಮಾರು 190 ವರ್ಷ ಹಿಂದೆ ಈ ನದಿಯಲ್ಲಿ ಏನೇನಿತ್ತು ಎಂಬ ಪಟ್ಟಿ ನಮ್ಮ ಕೈಯಲ್ಲಿದೆ. ಇವತ್ತಿನ ಪಟ್ಟಿಯನ್ನು ಅದರ ಪಕ್ಕ ಇಟ್ಟು ನೋಡುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ.

ಕಾನೂನಿನಲ್ಲೂ ಒಂದು ತೂತು ಇದೆ. 2017ರ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರು, ನೀರಾವರಿ ಇಂಥ ಕೆಲಸಕ್ಕಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ರಕ್ಷಣೆಯ ವ್ಯಾಪ್ತಿಯಿಂದ ಹೊರಗಿಟ್ಟಿವೆ. ದಖ್ಖನಿನ ಕೆರೆಗಳು ಬಹುತೇಕ ಎಲ್ಲವೂ ಕಟ್ಟಿದವೇ ಅಲ್ವಾ? ಹಕ್ಕಿಗೂ ಮೀನಿಗೂ ಆ ವ್ಯತ್ಯಾಸ ಇಲ್ಲ.

ಭೀಮೆಯ ಕೆಳಗಿನವರಿಗೆ

ಮುಳಾ-ಮುಠಾ ಭೀಮೆಯನ್ನು ಸೇರಿದ ಮೇಲೆ ಆ ನೀರು ಉಜನಿ ಅಣೆಕಟ್ಟಿಗೆ ಹೋಗುತ್ತದೆ. 1980ರಲ್ಲಿ ಮುಗಿದ ಈ ಜಲಾಶಯದಲ್ಲಿ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಭಿಗವಣದ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಕನ್ನಡ ಮಾತಾಡುವವರು ಬಹಳ ಇರುವ ಸೊಲ್ಲಾಪುರ ಕುಡಿಯುವುದೂ ಇದೇ ನೀರನ್ನು. ಉಜನಿಯಿಂದ ಮುಂದೆ ಭೀಮೆ ಪಂಢರಪುರ ದಾಟಿ, ಗಾಣಗಾಪುರ, ಯಾದಗಿರಿ ಕಡೆ ಹರಿದು ರಾಯಚೂರಿನ ಕಡ್ಲೂರು ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಒಟ್ಟು 861 ಕಿಲೋಮೀಟರ್ ಪ್ರಯಾಣ.

ಹಾಗಂತ ಪುಣೆಯ ಕೊಳಚೆ ನೇರವಾಗಿ ಗಾಣಗಾಪುರಕ್ಕೆ ಬರುತ್ತದೆ ಎಂದರೆ ತಪ್ಪಾಗುತ್ತದೆ. ನಡುವೆ ಉಜನಿ ದೊಡ್ಡ ತೊಟ್ಟಿಯಂತೆ ನಿಂತಿದೆ. ಬಂದ ರಂಜಕದ ಒಂದು ಪಾಲು ಅಲ್ಲೇ ತಳಕ್ಕೆ ಇಳಿಯುತ್ತದೆ. ಇದು ಕೆಳಗಿನವರಿಗೆ ಸದ್ಯದ ರಕ್ಷಣೆ. ಆದರೆ ಉಜನಿಯ ಕೆಸರಿಗೂ ಪಾಷಾಣದ ಕೆಸರಿಗೂ ರಸಾಯನಶಾಸ್ತ್ರ ಒಂದೇ. ತಳದಲ್ಲಿ ಆಮ್ಲಜನಕ ಮುಗಿದರೆ ಅದೂ ಇಟ್ಟುಕೊಂಡದ್ದನ್ನು ವಾಪಸ್ ಕೊಡುತ್ತದೆ. ಬೇಸಿಗೆಯಲ್ಲಿ ಉಜನಿಯ ನೀರು ಹಸಿರಾಗಿದೆ ಎಂಬ ದೂರು ಮತ್ತೆ ಮತ್ತೆ ಬರುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಹಸಿರು ಪಾಚಿಗಳಂತೆ ಕಾಣುವ ಕೆಲವು ಬ್ಯಾಕ್ಟೀರಿಯಾಗಳು ಯಕೃತ್ತಿಗೆ ಹಾನಿ ಮಾಡುವ ವಿಷ ತಯಾರಿಸುತ್ತವೆ. ಮೈಕ್ರೋಸಿಸ್ಟಿನ್ ಎಂಬ ಅಂಥ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರ್ ಕುಡಿಯುವ ನೀರಿಗೆ ಒಂದು ಮೈಕ್ರೋಗ್ರಾಂ. ನೀರನ್ನು ಕುದಿಸಿದರೂ ಈ ವಿಷ ಹೋಗುವುದಿಲ್ಲ.

ಭೀಮಾ ನೀರಿನ ಬಗ್ಗೆ ಎರಡು ರಾಜ್ಯಗಳ ನಡುವೆ ಆಗುವ ಮಾತೆಲ್ಲ ಎಷ್ಟು ಟಿಎಂಸಿ ಎಂಬುದರ ಸುತ್ತಲೇ ಇದೆ. ಎಂಥ ನೀರು ಎಂಬ ಪ್ರಶ್ನೆಯೂ ಅಷ್ಟೇ ಜೋರಾಗಿ ಬರಬೇಕು.

ಮುಂದಿನ ಕೆಲವು ವರ್ಷ

ಹೊಸ ಘಟಕಗಳು ಪೂರ್ತಿ ಕೆಲಸ ಶುರು ಮಾಡಿದ ಮೇಲೂ ಕೆಲವು ಬೇಸಿಗೆ ನೀರು ಹಸಿರಾಗೇ ಇರುವ ಸಾಧ್ಯತೆ ಜಾಸ್ತಿ. ಆಗ ಎರಡು ಥರದ ಅಪಾಯ ಇದೆ. ಘಟಕ ವ್ಯರ್ಥ ಎಂದು ಜನ ಬೇಸತ್ತು, ಹಣವೆಲ್ಲ ಕಾರಂಜಿ, ದೀಪದ ಕಡೆ ತಿರುಗಬಹುದು. ಅಥವಾ ಕೊಳವೆಯ ಬಾಯಿಯ ಬಿಒಡಿ ತೋರಿಸಿ ನದಿ ಶುದ್ಧವಾಯಿತು ಎಂದು ಕಡತ ಮುಚ್ಚಬಹುದು. ಕೆಸರಿನಿಂದ ಬರುವ ರಂಜಕ ಎಷ್ಟು, ಕದ್ದು ಸೇರುವ ನಾಲೆಗಳಿಂದ ಬರುವುದು ಎಷ್ಟು ಎಂದು ಬಿಡಿಸಿ ಹೇಳಲು ಈಗಿನ ಸ್ಥಿತಿಯ ಅಳತೆ ಬೇಕು. ಈಗ ಅಳೆಯದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಆ ಅಳತೆಗೆ ಬೇಕಾದದ್ದು ಬಹಳ ಇಲ್ಲ. ಇಟಲಿಯ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ತೋರಿಸಿಕೊಟ್ಟಂತೆ ಹಗ್ಗಕ್ಕೆ ಒಂದು ಬಿಳಿ ತಟ್ಟೆ ಕಟ್ಟಿ ನೀರಿಗೆ ಇಳಿಸಬೇಕು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ವಾರವಾರ ಬರೆದಿಡಬೇಕು. ಆಮ್ಲಜನಕದ ಮೀಟರನ್ನು ಬೆಳಕು ಹರಿಯುವ ಮುಂಚೆ ಮೇಲೆ ಒಮ್ಮೆ, ತಳದಲ್ಲಿ ಒಮ್ಮೆ ಇಳಿಸಬೇಕು. ಒಳಬರುವ ನಾಲೆಯ ನೀರಿನಲ್ಲಿ, ತಳದ ಕೆಸರಿನಲ್ಲಿ ರಂಜಕ ಎಷ್ಟಿದೆ ಎಂದು ನೋಡಬೇಕು. ಪಾಷಾಣ ಕೆರೆಯಿಂದ ಕೆಲವೇ ಕಿಲೋಮೀಟರಿನಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇದೆ, ಐಸರ್ ಎಂಬ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಇದೆ, ಮಳೆ ಅಧ್ಯಯನ ಮಾಡುವ ಉಷ್ಣವಲಯ ಹವಾಮಾನ ಸಂಸ್ಥೆ ಇದೆ. ಕಾಲೇಜು ಮಕ್ಕಳಂತೂ ಊರ ತುಂಬ ಇದ್ದಾರೆ. ಮೇ ತಿಂಗಳ ಒಂದು ನಸುಕಿನಲ್ಲಿ, ಮೊದಲ ಮಳೆಗೂ ಮುಂಚೆ, ಆ ಕೆರೆಯ ತಳದಲ್ಲಿ ಎಷ್ಟು ಆಮ್ಲಜನಕ ಇತ್ತು ಎಂಬ ಸಂಖ್ಯೆ ಪಾಲಿಕೆಯ ವಾರ್ಷಿಕ ಪರಿಸರ ವರದಿಯಲ್ಲಿ ಪ್ರತಿ ವರ್ಷ ಅಚ್ಚಾಗಬೇಕು, ಅಳೆದ ಗಂಟೆ ಮತ್ತು ಆಳದ ಸಮೇತ.